ಜಾತ್ರೆ ಮುಗಿದ ಮೇಲೆ ಬಂಡಿ ಎಲ್ಲಿರುತ್ತಿತ್ತು?

ಕಾಲುವೆ ನೀರಿನ ಸುದ್ದಿಗೆಂದು ಕಳೆದ ಬೇಸಿಗೆಯಲ್ಲಿ ಮೂಡಲಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನೀರಿನ ಮಾತು ಮುಗಿಸಿ ಚಹಾಕ್ಕೆ ಕುಳಿತಾಗ ದನದ ಮನೆಯ ತೊಲೆಗಳ ನಡುವೆ ಏನೋ ತೂಗುತ್ತಿರುವುದು ಕಂಡಿತು. ಬಿದಿರಿನ ಕಮಾನು. ಮೇಲೊಂದಿಷ್ಟು ಹರಿದ ತಟ್ಟು, ಒಳಗೆ ಕೋಳಿಗಳ ವಾಸ. ಮನೆಯ ಹಿರಿಯರನ್ನು ಕೇಳಿದೆವು. "ಎಲ್ಲಮ್ಮನ ಬಂಡೀದ್ರೀ ಅದು" ಎಂದರು. ಬಂಡಿ ಎಲ್ಲಿ ಎಂದರೆ, ಗಾಲಿಗಳು ಹೆದ್ದಾರಿಯ ಮೇಲಿನ ಒಂದು ಹೋಟೆಲಿಗೆ ಹೋಗಿದ್ದವು, ಚೌಕಟ್ಟು ಒಲೆಗೆ ಹೋಗಿತ್ತು. ಕಮಾನು ಯಾರಿಗೂ ಬೇಡವಾಗಿ ಉಳಿದಿತ್ತು.

ನಮ್ಮ ಭಾಗದ ಚರಿತ್ರೆ ಬರೆಯುವವರು ಜಾತ್ರೆಯ ಬಗ್ಗೆ ಬರೆದಿದ್ದಾರೆ, ಎತ್ತಿನ ಬಗ್ಗೆ ಬರೆದಿದ್ದಾರೆ. ಜಾತ್ರೆಯಿಂದ ಮನೆಗೆ ಬಂದ ಬಂಡಿ ಮುಂದಿನ ಜಾತ್ರೆಯವರೆಗೆ ಏನಾಗಿರುತ್ತಿತ್ತು ಎಂದು ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯರ ಜೊತೆ ಕುಳಿತಾಗಲೆಲ್ಲ ನಾವು ಇದನ್ನೇ ಕೇಳುತ್ತ ಬಂದೆವು. ಬಂಡಿ ಸತ್ತದ್ದು ರಸ್ತೆಯಲ್ಲಲ್ಲ, ಮನೆಯಲ್ಲಿ ಎಂಬುದು ಈಗ ನಮ್ಮ ಅಭಿಪ್ರಾಯ.

ಮೊದಲು ಹೆಸರು. ಗೊಬ್ಬರ, ಕಣಿಕೆ, ಜೋಳದ ಚೀಲ ಹೇರುವುದು ಚಕ್ಕಡಿ. ಮನುಷ್ಯರು ಕೂತು ಹೋಗಲು ಮೇಲೆ ಕಮಾನು ಕಟ್ಟಿದ್ದು ಕೊಲ್ಲಾರಿ ಬಂಡಿ. ಕೆಲವರು ಸವಾರಿ ಬಂಡಿ ಎಂದೂ ಅನ್ನುತ್ತಾರೆ. ಉಳ್ಳವರ ಮನೆಯಲ್ಲಿ ಎರಡೂ ಬೇರೆ ಬೇರೆ ಇರುತ್ತಿದ್ದವು. ಇಲ್ಲದವರು ಅದೇ ಚಕ್ಕಡಿಯನ್ನು ತೊಳೆದು, ಮೇಲೆ ಕಮಾನು ಬಿಗಿದು ಜಾತ್ರೆ ಬಂಡಿ ಮಾಡುತ್ತಿದ್ದರು. ಒಳಗೆ ಹುಲ್ಲು, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿಯ ಬುಟ್ಟಿ, ಕೆಳಗೆ ಅಚ್ಚಿಗೆ ನೇತುಬಿಟ್ಟ ನೀರಿನ ಕೊಡ. ಹಗಲು ಅದು ವಾಹನ, ರಾತ್ರಿ ಮನೆ. ಹೆಂಗಸರು ಮಕ್ಕಳು ಒಳಗೆ ಮಲಗಿದರೆ ಗಂಡಸರು ಗಾಲಿಗಳ ನಡುವೆ ನೆಲದ ಮೇಲೆ.

ಹೋಗುತ್ತಿದ್ದುದು ಮುಖ್ಯವಾಗಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ. ಗೋಕಾಕದಿಂದ ಯರಗಟ್ಟಿ, ಮುನವಳ್ಳಿ ಹಾದು ಗುಡ್ಡ ಸುಮಾರು 70 ಕಿಲೋಮೀಟರು. ಎತ್ತು ಗಂಟೆಗೆ ಮೂರ್ನಾಲ್ಕು ಕಿಲೋಮೀಟರು ನಡೆಯುತ್ತದೆ. ನಡುವೆ ಮೇವು, ನೀರು, ಮಧ್ಯಾಹ್ನದ ನೆರಳು ಲೆಕ್ಕ ಹಾಕಿದರೆ ಎರಡು ದಿನದ ದಾರಿ. ಈಚಿನವರೆಗೆ ಗೋಕಾಕ ತಾಲ್ಲೂಕಿನೊಳಗೇ ಇದ್ದ ಮೂಡಲಗಿಯವರು ಲೋಳಸೂರಿನ ಹತ್ತಿರ ಘಟಪ್ರಭೆ ದಾಟಿ ಈ ದಾರಿ ಸೇರಬೇಕು. ಹುಕ್ಕೇರಿಯವರಿಗೆ ನೂರು ಕಿಲೋಮೀಟರಿನ ಆಸುಪಾಸು, ಅಂದರೆ ಮೂರು ದಿನ. ಹೋಗುವುದು, ಬರುವುದು, ಜೋಗುಳಬಾವಿಯಲ್ಲಿ ಮಿಂದು, ಗುಡ್ಡದಲ್ಲಿ ಪಡ್ಡಲಗಿ ತುಂಬಿಸಿ ಎರಡು ಮೂರು ದಿನ ಅಲ್ಲೇ ಉಳಿಯುವುದು, ಎಲ್ಲ ಸೇರಿ ಎಂಟು ಹತ್ತು ದಿನ. ಮೂಡಲಗಿಗೆ ಸಮೀಪದ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೂ ಬಂಡಿ ಕಟ್ಟುತ್ತಿದ್ದರು. ಅದು ಹತ್ತಿರದ್ದು.

ಹತ್ತು ದಿನ ಓಡುವ ಬಂಡಿ ಉಳಿದ 355 ದಿನ ಎಲ್ಲೋ ನಿಂತಿರಲೇಬೇಕಲ್ಲ.

ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಬಂಡಿಯ ಕತೆ ಪ್ರಸಿದ್ಧವಾಗಿದೆ. ನೌಕಾಪಡೆಯಲ್ಲಿ ವೈದ್ಯನಾಗಿದ್ದು ಮುಂದೆ ಮಕ್ಕಳ ಕತೆಗಾರನಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತ 1885ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯೊಂದರಿಂದ 'ವಾಂಡರರ್' ಎಂಬ ಮನೆಯಂಥ ಗಾಡಿ ಮಾಡಿಸಿದ. ಎರಡು ಟನ್ ತೂಕದ ಅದಕ್ಕೆ ಎರಡು ಕುದುರೆ ಹೂಡಿ ಊರೂರು ಸುತ್ತಿದ. ವಿಹಾರಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಎಂದು ಅವರು ಅದನ್ನು ಕರೆಯುತ್ತಾರೆ. 1907ರಲ್ಲಿ ಅಲ್ಲಿ ಕ್ಯಾರವಾನ್ ಇದ್ದವರದೇ ಒಂದು ಕ್ಲಬ್ ಹುಟ್ಟಿತು. ಮೊದಲು ಯಾರು ಎಂಬ ಜಗಳ ನಮಗೆ ಬೇಡ. ಆದರೆ ಆ ವಾಂಡರರ್ ಇವತ್ತಿಗೂ ಉಳಿದಿದೆ, ಜನ ಹೋಗಿ ನೋಡುತ್ತಾರೆ. ಅದನ್ನು ಚಾವಣಿಯ ಕೆಳಗೆ ನಿಲ್ಲಿಸಿ ಜೋಪಾನ ಮಾಡಿದವರು ಇದ್ದರು. ನಮ್ಮ ಕಡೆಯೂ ಅದೇ ಕೆಲಸ ತಲೆಮಾರುಗಟ್ಟಲೆ ನಡೆದಿತ್ತು, ಮನೆಮನೆಯಲ್ಲಿ. ಅದಕ್ಕೊಂದು ಹೆಸರೂ ಇರಲಿಲ್ಲ, ಯಾರೂ ಬರೆದಿಡಲೂ ಇಲ್ಲ.

ಗುಡ್ಡದಿಂದ ಬಂದ ಮರುದಿನವೇ ಕೆಲಸ ಶುರು. ಎತ್ತುಗಳನ್ನು ಬಿಟ್ಟು, ನೊಗ ಕಳಚಿ, ಕಮಾನಿನ ಕಟ್ಟು ಬಿಚ್ಚಿ ನಾಲ್ವರು ಸೇರಿ ಎತ್ತಿ ತೊಲೆಗೆ ನೇತುಹಾಕುತ್ತಿದ್ದರು. ಅಡುಗೆ ಒಲೆಯ ಹೊಗೆ ಸುಳಿಯುವ ಕಡೆಯೇ ಕಟ್ಟುವುದು, ಯಾಕೆಂದರೆ ಹೊಗೆ ಹಿಡಿದ ಬಿದಿರಿಗೆ ಕುಟ್ಟೆಹುಳು ಬೇಗ ಬೀಳುವುದಿಲ್ಲ. ಚೌಕಟ್ಟಿನ ಕೆಳಗೆ ಕಲ್ಲು ಕೊಟ್ಟು ಗಾಲಿಗಳು ನೆಲ ಬಿಡುವಷ್ಟು ಎತ್ತುವುದು. ಇದರಲ್ಲಿ ಎರಡು ಲಾಭ. ನೆಲದ ತೇವ, ಗೆದ್ದಲು ಗಾಲಿಗೆ ಹತ್ತುವುದಿಲ್ಲ. ಇನ್ನು, ಭಾರವೆಲ್ಲ ತಿಂಗಳುಗಟ್ಟಲೆ ಒಂದೇ ಅರೆಕಾಲಿನ ಮೇಲೆ ಬಿದ್ದು ಗಾಲಿ ಸೊಟ್ಟಗಾಗುವುದಿಲ್ಲ. ಈಗ ಕಾರನ್ನು ಬಹಳ ದಿನ ನಿಲ್ಲಿಸುವವರು ಜಾಕ್ ಕೊಟ್ಟು ಟೈರು ಎತ್ತಿಡುವುದೂ ಇದೇ ಕಾರಣಕ್ಕೆ. ಹಾಗೆ ಎತ್ತಿದ ಗಾಲಿಯನ್ನು ಅಮಾವಾಸ್ಯೆಗೊಮ್ಮೆ ಒಂದು ಸುತ್ತು ತಿರುಗಿಸಿ ಬಿಡುವ ರೂಢಿ ಕೆಲವು ಮನೆಗಳಲ್ಲಿತ್ತು. ಅಮಾವಾಸ್ಯೆಯೇ ಯಾಕೆಂದರೆ ಅಂದು ಎತ್ತು ಹೂಡುವುದಿಲ್ಲ, ಗಂಡಸರು ಮನೆಯಲ್ಲೇ ಇರುತ್ತಾರೆ.

ಚರ್ಮದ ಮಿಣಿ, ಬಾರುಗಳಿಗೆ ಎಣ್ಣೆ ಸವರಿ ಗೂಟಕ್ಕೆ ತೂಗುಹಾಕುವುದು, ಇಲಿ ಮುಟ್ಟದ ಹಾಗೆ. ಎತ್ತಿನ ಜೂಲ, ಗೆಜ್ಜೆಸರ, ಗಂಟೆ ಟ್ರಂಕಿನೊಳಗೆ, ಬೇವಿನ ಎಲೆಯ ಜೊತೆ. ಇದು ಹೆಂಗಸರ ಪಾಲಿನ ಕೆಲಸ. ಕೌದಿ ಒಗೆದು ಒಣಗಿಸಿ, ಹರಿದಲ್ಲಿ ಹಳೆಯ ಸೀರೆಯ ತುಂಡು ಹಚ್ಚಿ ಮತ್ತೆ ಹೊಲಿಯುವುದೂ ಅವರದೇ. ಒಬ್ಬ ಅಜ್ಜಿ ನಮಗೆ ತೋರಿಸಿದ ಕೌದಿಯಲ್ಲಿ ಎಷ್ಟು ತೇಪೆ ಇದ್ದವೆಂದರೆ ಮೂಲ ಬಟ್ಟೆ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ. "ವರ್ಷದಾಗ ಹೊಸ್ತಿಲ ದಾಟೂದು ಅದೊಂದ ಸಲ, ಅದಕ್ಕ ಜ್ವಾಕಿ" ಎಂದರು. ಆ ಬಂಡಿಯನ್ನು ವಿಹಾರದ ವಾಹನ ಎಂದು ಕರೆಯಲು ನಮಗೆ ಇದ್ದ ಅಳುಕು ಈ ಮಾತಿನಿಂದ ಹೋಯಿತು. ಹರಕೆ ಒಂದು ನೆಪವೂ ಆಗಿತ್ತು.

ಇನ್ನು ಗಾಲಿ. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಬಂಡಿಯ ಆಯುಷ್ಯವೆಲ್ಲ ಇಲ್ಲಿದೆ.

ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅವುಗಳ ತುದಿಗೆ ಬಾಗಿದ ಪುಟ್ಟಿಗಳು, ಇಷ್ಟೂ ಹೆಚ್ಚಾಗಿ ಜಾಲಿ ಕಟ್ಟಿಗೆ. ಇವನ್ನೆಲ್ಲ ಹಿಡಿದಿಡುವುದು ಮೊಳೆಯಲ್ಲ, ಹೊರಗಿನ ಕಬ್ಬಿಣದ ಹಳಿ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಬೆಸೆಯುತ್ತಾರೆ. ಕುಳ್ಳಿನ ಸುತ್ತುಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು ನೆಲದಲ್ಲಿ ಮಲಗಿಸಿದ ಗಾಲಿಗೆ ತೊಡಿಸಿ, ಕಟ್ಟಿಗೆ ಹೊತ್ತುವ ಮೊದಲೇ ಕೊಡಗಟ್ಟಲೆ ನೀರು ಸುರಿಯುವುದು. ಕಬ್ಬಿಣ ಕುಗ್ಗುತ್ತ ಪುಟ್ಟಿಗಳನ್ನು, ಪುಟ್ಟಿ ಅರೆಕಾಲುಗಳನ್ನು, ಅರೆಕಾಲು ಗುಂಬವನ್ನು ಒತ್ತಿ ಬಿಗಿಯುತ್ತವೆ. ಐದಡಿ ಎತ್ತರದ ಗಾಲಿ ಎಂದಿಟ್ಟುಕೊಳ್ಳಿ. ಅದರ ಹಳಿಯ ಸುತ್ತಳತೆ ಹದಿನಾರು ಅಡಿಗೆ ತುಸು ಕಡಿಮೆ. 500 ಡಿಗ್ರಿಯಷ್ಟು ಕಾಯಿಸಿದರೆ ಅದು ಹಿಗ್ಗುವುದು ಒಂದು ಇಂಚಿಗಿಂತ ಚೂರು ಹೆಚ್ಚು, ಅಷ್ಟೇ. ಕಮ್ಮಾರ ಆಟವಾಡುತ್ತಿದ್ದುದು ಆ ಒಂದು ಇಂಚಿನೊಳಗೆ. ಹಳಿ ಅತಿ ಚಿಕ್ಕದಾದರೆ ಗಾಲಿ ಬಟ್ಟಲಿನ ಹಾಗೆ ಬಾಗುತ್ತದೆ, ದೊಡ್ಡದಾದರೆ ಮೊದಲ ಬೇಸಿಗೆಗೇ ಕಳಚುತ್ತದೆ.

ಮನೆಯಲ್ಲಿ ನಿಂತ ಬಂಡಿಗೆ ಶತ್ರು ಎರಡು, ಅವು ಪರಸ್ಪರ ವಿರುದ್ಧ. ಮಾರ್ಚಿಯಿಂದ ಮೇವರೆಗಿನ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗಿ ಹಳಿ ಸಡಿಲವಾಗುತ್ತದೆ. ಜೂನ್‌ನಿಂದ ಮಳೆಯ ತೇವಕ್ಕೆ ಕಟ್ಟಿಗೆ ಉಬ್ಬುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಪೂರ್ತಿ ಬಿಸಿಲೂ ಬೇಡ, ಪೂರ್ತಿ ಥಂಡಿಯೂ ಬೇಡ. ದನದ ಮನೆಯ ಒಂದು ಬದಿ, ಮೇಲೆ ಚಾವಣಿ, ಮೂರು ಕಡೆ ಗೋಡೆ, ಒಂದು ಕಡೆ ಗಾಳಿ: ಬಂಡಿಗೆ ಅದೇ ಸರಿಯಾದ ಜಾಗ. ಹಳೆಯ ಮನೆಗಳ ತಲೆಬಾಗಿಲು ಅಷ್ಟು ಅಗಲ ಯಾಕಿದೆ ಎಂದು ಕೇಳಿದರೆ ಈಗಿನ ಹುಡುಗರು ಗತ್ತಿಗೆ ಎನ್ನುತ್ತಾರೆ. ಎಷ್ಟೋ ಕಡೆ ಅದು ಬಂಡಿ ಒಳಗೆ ಬರಲು ಬಿಟ್ಟ ಅಳತೆ.

ಜಾತ್ರೆಗೆ ಎರಡು ದಿನ ಮುಂಚೆ ಗಾಲಿಗಳನ್ನು ಉರುಳಿಸಿಕೊಂಡು ಹೋಗಿ ಹಳ್ಳದಲ್ಲಿ ಒಂದು ರಾತ್ರಿ ನೆನೆಹಾಕುತ್ತಿದ್ದರು. ನೆನೆದ ಜಾಲಿ ಉಬ್ಬಿ ಹಳಿಯನ್ನು ಮತ್ತೆ ತುಂಬಿಕೊಳ್ಳುತ್ತದೆ. ದಾರಿಯಲ್ಲೂ ಹಳ್ಳ ಸಿಕ್ಕಾಗ ಬಂಡಿಯನ್ನು ನೀರೊಳಗೆ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದುದು ಎತ್ತಿಗೆ ನೀರು ಕುಡಿಸಲು ಮಾತ್ರವಲ್ಲ.

ಅಚ್ಚಿಗೆ ಕೀಲೆಣ್ಣೆ. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ್ದು, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ಕಟ್ಟಿರುತ್ತಿತ್ತು. ಬಂಡಿ ನಿಲ್ಲಿಸುವಾಗ ಹಳೆಯ ಕೀಲೆಣ್ಣೆ ಒರೆಸಿ ಹೊಸದು ಹಚ್ಚಿಯೇ ನಿಲ್ಲಿಸುವುದು, ಇಲ್ಲವಾದರೆ ಮಣ್ಣು ಸೇರಿದ ಜಿಡ್ಡು ಗಟ್ಟಿಯಾಗಿ ಅಚ್ಚನ್ನು ತಿನ್ನುತ್ತದೆ. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಡೆಗೀಲನ್ನು ಕಿತ್ತು ಮನೆಯೊಳಗೆ ದೇವರ ಮಾಡದಲ್ಲಿ ಇಡುವವರಿದ್ದರು. ಬೆರಳುದ್ದದ ಕಬ್ಬಿಣದ ತುಂಡು, ಕಳೆದರೆ ಬಂಡಿ ಕದಲುವಂತಿಲ್ಲ. ಜೇಡರ ದಾಸಿಮಯ್ಯ ಒಂದು ವಚನದಲ್ಲಿ ಹೆಸರಿಡಿದು ಕರೆದದ್ದು ಈ ಕೀಲನ್ನೇ. ನೇಕಾರನಾದ ಆತನ ಕಣ್ಣು ಬಂಡಿಯ ಮೇಲೂ ಇತ್ತು.

ವರ್ಷದ ತಪಾಸಣೆ ಮಾರ್ನಮಿಗೆ. ಆಯುಧ ಪೂಜೆಯೆಂದು ಬಂಡಿ ತೊಳೆದು ಕುಂಕುಮ ಹಚ್ಚುವಾಗ ಯಾವ ಅರೆಕಾಲು ಅಲುಗುತ್ತದೆ, ಎಲ್ಲಿ ಗೆದ್ದಲ ಮಣ್ಣಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ಬನದ ಹುಣ್ಣಿಮೆಗೆ ಇನ್ನೂ ಮೂರು ತಿಂಗಳು, ಬಡಿಗೇರರಿಗೆ ಹೇಳಲು ಬೇಕಾದಷ್ಟು ಸಮಯ. ಈ ಪೂಜೆಯನ್ನು ಮೂಢನಂಬಿಕೆ ಎನ್ನುವವರು ಒಮ್ಮೆ ಸರ್ವಿಸಿಂಗ್ ತಪ್ಪಿಸಿದ ತಮ್ಮ ಬೈಕಿನ ಸ್ಥಿತಿ ನೆನೆಯಲಿ.

ಬಡಿಗೇರ, ಕಮ್ಮಾರರಿಗೆ ಪ್ರತಿ ಕೆಲಸಕ್ಕೂ ರೊಕ್ಕ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು, ಇಷ್ಟು ಜೋಳವೆಂದು. ಇದನ್ನು ನಾವು ಹೊಗಳುತ್ತಿಲ್ಲ. ಆಯಗಾರನ ಮಗ ಆಯಗಾರನೇ ಆಗಬೇಕಾಗಿದ್ದ ವ್ಯವಸ್ಥೆ ಅದು, ಧಾನ್ಯದ ಪಾಲು ಎಷ್ಟೆಂಬುದರಲ್ಲಿ ಅವನ ಮಾತು ಬಹಳ ನಡೆಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಸುಮ್ಮನೆ ನಿಂತ ಬಂಡಿಯ ಸಣ್ಣ ದುರಸ್ತಿ ಸಾಧ್ಯವಾದದ್ದು ಇದರಿಂದಲೇ. ಒಂದು ಸಡಿಲ ಅರೆಕಾಲಿಗೆ ಕೂಲಿ ಕೊಡಬೇಕಾದಾಗ ಯಜಮಾನ ಮುಂದಿನ ವರ್ಷ ನೋಡೋಣ ಎನ್ನುತ್ತಾನೆ. ಮುಂದಿನ ವರ್ಷಕ್ಕೆ ಮೂರು ಸಡಿಲವಾಗಿರುತ್ತವೆ.

ಬಂಡಿಯ ಈ ಸುಖ ಎಲ್ಲರದೂ ಆಗಿರಲಿಲ್ಲ. ಹೊಲವಿಲ್ಲದವರು ನಡೆದೇ ಗುಡ್ಡಕ್ಕೆ ಹೋದರು. ಅದೇ ದಾರಿಯಲ್ಲಿ ಮುತ್ತು ಕಟ್ಟಿಸಲು ಹುಡುಗಿಯರನ್ನೂ ಕರೆದೊಯ್ದರು; ಅದನ್ನು ನಿಷೇಧಿಸುವ ಕಾಯ್ದೆಗೆ ರಾಜ್ಯ 1982ರವರೆಗೆ ಕಾಯಬೇಕಾಯಿತು. ಬಂಡಿಯ ನೆನಪನ್ನು ಸಿಹಿಯಾಗಿ ಹೇಳುವ ಮನೆಗಳು ಯಾವುವು, ಸುಮ್ಮನಾಗುವ ಓಣಿಗಳು ಯಾವುವು ಎಂಬುದು ಮೂರು ತಾಲ್ಲೂಕು ತಿರುಗಿದವರಿಗೆ ತಿಳಿಯುತ್ತದೆ.

ಬಂಡಿ ಹೋದದ್ದು ಬಸ್ಸಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಅದು ಅರ್ಧ ಸತ್ಯ ಅನಿಸುತ್ತದೆ. ರೈಲು ಹತ್ತೊಂಬತ್ತನೇ ಶತಮಾನದ ಕೊನೆಗೇ ಬಂದಿತ್ತು. ಚಿಂಚಲಿ, ಘಟಪ್ರಭಾ, ಗೋಕಾಕ ರೋಡ್, ಪಾಚ್ಛಾಪುರ ಎಲ್ಲ ಮೀರಜದಿಂದ ಬೆಳಗಾವಿಗೆ ಬರುವ ದಾರಿಯ ನಿಲ್ದಾಣಗಳೇ. ರಾಜ್ಯ ಸಾರಿಗೆ ನಿಗಮ 1961ರಲ್ಲಿ ಆಯಿತು, ಜಾತ್ರೆಗೆ ವಿಶೇಷ ಬಸ್ಸುಗಳೂ ಬಂದವು. ಆಮೇಲೂ ಬಂಡಿಗಳು ಗುಡ್ಡಕ್ಕೆ ಹೋಗುತ್ತಲೇ ಇದ್ದವು. ಬಸ್ಸಿನಲ್ಲಿ ರಾತ್ರಿ ಮಲಗಲು ಬರುವುದಿಲ್ಲವಲ್ಲ.

ಬದಲಾದದ್ದು ಚಳಿಗಾಲ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಹಳ ಹಿಂದೆಯೇ ಇತ್ತು. ಆದರೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ದೊಡ್ಡ ಜಲಾಶಯವಾಗಿ ಕಾಲುವೆಗಳು ಉದ್ದವಾದ ಮೇಲೆ ಜೋಳದ ಹೊಲಗಳಿಗೆ ಕಬ್ಬು ಬಂತು. ಸಂಕೇಶ್ವರ, ಗೋಕಾಕ ಸುತ್ತ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬು ನುರಿಸುವ ಕಾಲ ಅಕ್ಟೋಬರ್, ನವೆಂಬರ್‌ನಿಂದ ಮಾರ್ಚಿಯವರೆಗೆ. ಬನದ ಹುಣ್ಣಿಮೆ ಬೀಳುವುದು ಅದರ ನಡುವೆ, ಭಾರತ ಹುಣ್ಣಿಮೆಯೂ ಅದರೊಳಗೇ. ಜೋಳದ ಬೇಸಾಯದಲ್ಲಿ ಬೆಳೆ ಹೊಲದಲ್ಲಿ ನಿಂತಿರುವಾಗ ಎತ್ತಿಗೆ ಹತ್ತು ದಿನ ಬಿಡುವಿತ್ತು. ಕಬ್ಬಿನಲ್ಲಿ ಅದೇ ಹತ್ತು ದಿನ ಎತ್ತಿಗೆ ಬೆಲೆ ಹೆಚ್ಚು. ಜಾತ್ರೆ ಎರಡು ದಿನಕ್ಕಿಳಿಯಿತು, ಬಂಡಿ ಒಂದು ವರ್ಷ ನಿಂತಿತು, ಇನ್ನೊಂದು ವರ್ಷವೂ ನಿಂತಿತು.

ಓಡದ ಬಂಡಿ ಓಡಿದ್ದಕ್ಕಿಂತ ಬೇಗ ಕೆಡುತ್ತದೆ. ಗಾಲಿ ನೆನೆಹಾಕುವವರಿಲ್ಲ, ಕೀಲೆಣ್ಣೆ ಬದಲಿಸುವವರಿಲ್ಲ. ಅಷ್ಟರಲ್ಲಿ ಡನ್ಲಪ್ ಗಾಡಿ, ಅಂದರೆ ರಬ್ಬರ್ ಟೈರಿನದು, ಕಬ್ಬು ಹೇರಲು ಬಂತು. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರು ಐಐಎಂನ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ದೇಶವೆಲ್ಲ ಕೇಳುವಂತೆ ವಾದಿಸಿದರು. ಎತ್ತಿನ ಹೆಗಲಿನ ಮೇಲೆ ಅವರಿಗಿದ್ದ ಕಾಳಜಿ ದೊಡ್ಡದು, ರಬ್ಬರ್ ಗಾಲಿ ಎತ್ತಿಗೆ ನಿಜಕ್ಕೂ ಹಗುರ. ಆ ಗಾಡಿಗೆ ಹಳಿ ಬೇಕಿಲ್ಲ, ಕಮ್ಮಾರನ ಬೆಂಕಿಯೂ ಬೇಕಿಲ್ಲ. ಮನೆ ಕಟ್ಟಿಸಿಕೊಂಡವರು ಸ್ಲ್ಯಾಬ್ ಹಾಕಿಸಿ ದನದ ಮನೆ ತೆಗೆಸಿದರು; ಬಂಡಿ ಅಂಗಳಕ್ಕೆ ಬಂತು, ಅಂಗಳದಿಂದ ತಿಪ್ಪೆಯ ಬದಿಗೆ. 2019ರ ಆಗಸ್ಟಿನ ಪ್ರವಾಹಕ್ಕೆ ನದಿದಂಡೆಯ ಊರುಗಳಲ್ಲಿ ಮನೆಗಳೇ ಉಳಿಯದಿದ್ದಾಗ ಬಂಡಿಯ ಲೆಕ್ಕ ಕೇಳುವವರಾರು?

ಈಗ ಗುಡ್ಡಕ್ಕೆ ಹೋಗುವುದು ಟ್ರ್ಯಾಕ್ಟರ್ ಟ್ರೇಲರ್. ಹೋಗುವ ಹಿಂದಿನ ದಿನ ತೊಳೆದು, ಕಬ್ಬಿಣದ ಸರಳಿನ ಮೇಲೆ ತಾಡಪಾಲು ಬಿಗಿದು, ಕೆಳಗೆ ಹುಲ್ಲು, ಮೇಲೆ ಗಾದಿ, ಮೂಲೆಗೆ ಗ್ಯಾಸ್ ಸಿಲಿಂಡರ್. ಒಳಗೆ ಇಣುಕಿದರೆ ಕೊಲ್ಲಾರಿ ಬಂಡಿಯೇ, ಅಳತೆ ಮಾತ್ರ ದೊಡ್ಡದು. ಸರಕಿನ ಟ್ರೇಲರಿನಲ್ಲಿ ಜನ ಕೂರಿಸುವುದನ್ನು ಕಾನೂನು ಒಪ್ಪುವುದಿಲ್ಲ. ಟ್ರೇಲರ್ ಮಗುಚಿದ ಸುದ್ದಿಗಳನ್ನು ನಾವೇ ಬರೆದಿದ್ದೇವೆ, ಮತ್ತೆ ಬರೆಯಬೇಕಾಗದಿರಲಿ. ಜಾತ್ರೆ ಮುಗಿದ ಮಧ್ಯಾಹ್ನವೇ ತಾಡಪಾಲು ಬಿಚ್ಚಿ ಟ್ರೇಲರ್ ಕಬ್ಬಿಗೆ ಹೋಗುತ್ತದೆ. ಅದರ ಬ್ರೇಕು, ಕೊಂಡಿ, ಹಿಂದಿನ ದೀಪ ನೋಡುವ ಮಾರ್ನಮಿ ಅದಕ್ಕಿಲ್ಲ. ಮಾಲೆ ಹಾಕುತ್ತಾರೆ, ಕೊಂಡಿಯ ಪಿನ್ನು ಸವೆದಿದೆಯೇ ಎಂದು ನೋಡುವುದಿಲ್ಲ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿ ಮಾಡಿತು. ನಮ್ಮ ಜನ ನೀತಿಯಿಲ್ಲದೆಯೇ ಕ್ಯಾರವಾನ್ ಕಟ್ಟಿಕೊಂಡಿದ್ದಾರೆ, ಅದನ್ನು ಸುರಕ್ಷಿತ ಮಾಡಿಕೊಡುವ ಯೋಚನೆ ಮಾತ್ರ ಯಾರಿಗೂ ಬಂದಿಲ್ಲ.

ಮನೆಯಲ್ಲಿ ಇವತ್ತಿಗೂ ಬಂಡಿಯನ್ನು ಹಳೆಯ ರೀತಿಯಲ್ಲೇ ಜೋಪಾನ ಮಾಡುವವರು ಶರ್ಯತ್ತಿನವರು. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಓಟಗಳನ್ನು ನಿಲ್ಲಿಸಿತು, ರಾಜ್ಯ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟದ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಆದರೆ ಹುಕ್ಕೇರಿ ಕಡೆಯ ಒಂದು ಮನೆಯಲ್ಲಿ ಓಟದ ಹಗುರ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಗಾಲಿಗೆ ಗೋಣಿಚೀಲ ಸುತ್ತಿದ್ದು ನೋಡಿದೆವು. ಹದಿನೆಂಟರ ಹುಡುಗನೊಬ್ಬ ಅಚ್ಚು ಒರೆಸುತ್ತಿದ್ದ. ಗ್ರೀಸ್ ಡಬ್ಬಿಯನ್ನು ಅವನು ಕೀಲೆಣ್ಣೆ ಎಂದೇ ಕರೆದ.

ವಾಪಸು ಬರುವಾಗ ಆ ಹೆದ್ದಾರಿ ಹೋಟೆಲಿನ ಮುಂದೆ ಇಳಿದೆವು. ಮೂಡಲಗಿ ಅಜ್ಜನ ಗಾಲಿಗಳೇ ಇವು ಎಂದು ಹೇಳಲಾರೆವು, ಆದರೆ ಅಂಥವೇ ಎರಡು. ಬಿಳಿ, ಕೆಂಪು ಬಣ್ಣ ಬಳಿದು ಹುಲ್ಲುಹಾಸಿನಲ್ಲಿ ಅರ್ಧ ಹೂತು ನಿಲ್ಲಿಸಿದ್ದರು. ಹುಲ್ಲಿಗೆ ದಿನಾ ನೀರು ಬಿಡುತ್ತಾರೆ. ನೆಲದೊಳಗಿನ ಪುಟ್ಟಿ ಮೆತ್ತಗಾಗಿತ್ತು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಬಿಸಿಲಿಗೆ ಒಣಗಿದ ಮೇಲಿನ ಪುಟ್ಟಿಯಿಂದ ಹಳಿ ಅರ್ಧ ಇಂಚು ಎದ್ದು ನಿಂತಿತ್ತು. ಮಾಣಿಯನ್ನು ಕರೆದು ಗಾಲಿಯನ್ನು ಕಲ್ಲಿನ ಮೇಲೆ ಎತ್ತಿಡಲು ಹೇಳಿದೆವು. ಮಾಲಕರನ್ನು ಕೇಳಬೇಕೆಂದು ಹೇಳಿ ಅವನು ಚಹಾ ತರಲು ಒಳಗೆ ಹೋದ.